ಗಾಡರಿಗೆ ಸುತ್ತಿದ ಹಸಿರು ವೈರು

ನನ್ನ ತವರಿನ ಪಡಸಾಲೆಯ ಛಾವಣಿಗೆ ತೂತು ಕೊರೆಯುವಂತಿಲ್ಲ. ಗೋಡೆಯಿಂದ ಗೋಡೆಗೆ ಕಬ್ಬಿಣದ ತೊಲೆಗಳನ್ನಿಟ್ಟು, ಅವುಗಳ ಮೇಲೆ ಫರ್ಸಿ ಕಲ್ಲಿನ ಉದ್ದನೆಯ ಹಾಸುಗಳನ್ನು ಜೋಡಿಸಿ, ಮೇಲ್ಗಡೆ ಸುಣ್ಣ ಮಣ್ಣು ಬಡಿದು ಗಟ್ಟಿ ಮಾಡಿದ ಛಾವಣಿ ಅದು. ಬಸವಕಲ್ಯಾಣದ ನಮ್ಮ ಓಣಿಯ ಹಳೆಯ ಮನೆಗಳೆಲ್ಲ ಹೀಗೆಯೇ ಇವೆ. ಆ ಕಬ್ಬಿಣದ ತೊಲೆಗೆ ನಾವು ಗಾಡರು ಎನ್ನುತ್ತೇವೆ. ಕಲ್ಲಿಗೆ ಡ್ರಿಲ್ ಹಚ್ಚಿದರೆ ಒಂದೋ ಹಾಸು ಸೀಳುತ್ತದೆ, ಇಲ್ಲವೇ ಮುಂದಿನ ಮಳೆಗಾಲದಲ್ಲಿ ಅದೇ ತೂತಿನಿಂದ ನೀರು ಇಳಿಯುತ್ತದೆ. ಹಾಗಾಗಿ ನಮ್ಮ ಓಣಿಯಲ್ಲಿ ದೀಪಗಳೆಲ್ಲ ಗೋಡೆಯ ಮೇಲೆಯೇ ಇದ್ದವು.

ನಡುವಿನ ಗಾಡರಿಗೆ ಒಂದು ಕೊಂಡಿ ಇದೆ. ತೊಟ್ಟಿಲು ತೂಗುಹಾಕುವುದು ಆ ಕೊಂಡಿಗೆ. ತೊಟ್ಟಿಲು ಸಾಗುವಾನಿಯದು. ಅದರ ನಾಲ್ಕು ಮೂಲೆಯ ಹಗ್ಗಗಳು ಮೇಲೆ ಒಂದು ಬಳೆಯಲ್ಲಿ ಸೇರುತ್ತವೆ. ಆ ಬಳೆಯಿಂದ ಕೊಂಡಿಯವರೆಗೆ ಕಬ್ಬಿಣದ ಸರಪಳಿ. ನಾನು ಮಲಗಿದ್ದೂ ನನ್ನ ತಮ್ಮ ಮಲಗಿದ್ದೂ ಅದರಲ್ಲೇ. ಆಮೇಲೆ ಬಹಳ ವರ್ಷ ಸರಪಳಿ ಹಿತ್ತಲ ಕೋಣೆಯ ಗೂಟಕ್ಕೆ ನೇತುಬಿದ್ದಿತ್ತು.

ತಮ್ಮನ ಹೆಂಡತಿ ಹೆಣ್ಣು ಹಡೆದದ್ದು ತನ್ನ ತವರಿನಲ್ಲಿ, ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ. ಹೆಸರಿಟ್ಟದ್ದೂ ಅಲ್ಲಿಯೇ. ಆದರೆ ಕೂಸು ಮೊದಲ ಸಲ ತಂದೆಯ ಮನೆಗೆ ಬಂದ ದಿನ ಹೊಸ್ತಿಲಲ್ಲಿ ಸೋದರತ್ತೆ ಅದನ್ನು ಎತ್ತಿಕೊಂಡು ಒಳಗೆ ತಂದು, ಆ ಮನೆಯ ತೊಟ್ಟಿಲಿಗೆ ಹಾಕಿ ಒಮ್ಮೆ ತೂಗಬೇಕು. ನಮ್ಮವರ ಪದ್ಧತಿ ಅದು. ಸೋದರತ್ತೆ ಎಂದರೆ ನಾನೊಬ್ಬಳೇ. ನನ್ನ ಗಂಡನ ಮನೆಯೂ ಹುಮನಾಬಾದಿನಲ್ಲಿಯೇ ಇರುವುದರಿಂದ ಬಾಣಂತಿಯನ್ನು ಆಗಾಗ ನೋಡಿ ಬರುತ್ತಿದ್ದೆ.

ಅವ್ವನೂ ಒಮ್ಮೆ ಬಂದು ಕೂಸನ್ನು ನೋಡಿದ್ದಳು. ಅವಳ ಒಂದು ಕಣ್ಣಿಗೆ ಪೊರೆ ತೆಗೆದಿದ್ದಾರೆ, ಇನ್ನೊಂದು ಕಣ್ಣಿಗೆ ಇನ್ನೂ ಆಗಿಲ್ಲ. ಅವತ್ತು ಸಂಜೆ ವಾಪಸು ಹೋಗುವಾಗ ಬಸ್ ನಿಲ್ದಾಣದಲ್ಲಿ ನನಗೆ ಹೇಳಿದಳು: "ಟ್ಯೂಬಲೈಟಿನ್ಯಾಗ ಎಲ್ಲಾರ ಮಾರಿ ಬೂದಿ ಹಚ್ಚಿದಂಗ ಕಾಣ್ತದ. ಕೂಸಿನ ಮಾರಿ ನನಗ ಕಾಣಲಿಲ್ಲ. ವಾಸನಿ ತಗೊಂಡು ಬಂದೆ, ಅಷ್ಟೇ."

ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ತನ್ನ ಮನೆಯ ತೊಟ್ಟಿಲಲ್ಲಿ ಮೊಮ್ಮಗಳನ್ನು ತೂಗಬೇಕು, ತೂಗುವಾಗ ಅವಳ ಮುಖ ಕಾಣಬೇಕು. ಆ ಮಾತನ್ನು ನಾನು ತಮ್ಮನಿಗೆ ದಾಟಿಸಿದೆ. ದೀಪದ ಕೆಲಸ ಶುರುವಾದದ್ದು ಅಲ್ಲಿಂದ.

ತಮ್ಮ ಶಾಲೆಯೊಂದರಲ್ಲಿ ಗುಮಾಸ್ತ. ಮೊದಲು ಅವನು ಎಲ್ಲರಂತೆ ಪಿಒಪಿ ಮಾಡಿಸಬೇಕೆಂದುಕೊಂಡ. ಗಾಡರುಗಳ ಕೆಳಗೆ ಬಿಳಿಯ ಸುಳ್ಳು ಛಾವಣಿ, ಅದರೊಳಗೆ ಸಾಲಾಗಿ ದುಂಡು ದೀಪ. ಆ ಕೆಲಸದವನು ಬಂದು ಅಳತೆ ತೆಗೆದುಕೊಂಡು, ಕೊಂಡಿಯನ್ನು ತೋರಿಸಿ, ಇದು ಒಳಗೆ ಮುಚ್ಚಿಹೋಗುತ್ತದೆ ಎಂದ. ಅವ್ವ ಅಕ್ಕಿ ಆರಿಸುತ್ತ ಕೂತಿದ್ದವಳು ತಲೆ ಎತ್ತಲಿಲ್ಲ.

"ಕೊಂಡಿ ಮುಚ್ಚಿದ ಮ್ಯಾಲ ಬೆಳಕ ಯಾರಿಗಿ?" ಎಂದಳು.

ಪಿಒಪಿ ಅಲ್ಲಿಗೇ ಮುಗಿಯಿತು. ಉಳಿದದ್ದು ಟ್ರ್ಯಾಕ್ ಲೈಟು. ಛಾವಣಿಯ ಹೊರಗಡೆಯೇ ಒಂದು ಲೋಹದ ಪಟ್ಟಿ ಕೂಡಿಸಿ, ಅದಕ್ಕೆ ಸಣ್ಣ ಸ್ಪಾಟ್‌ಲೈಟುಗಳನ್ನು ಸಿಕ್ಕಿಸುವುದು. ಅವನ್ನು ಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಸಬಹುದು, ಕತ್ತು ತಿರುಗಿಸಬಹುದು. ಕಲ್ಲಿಗೆ ಕೈ ಹಚ್ಚುವ ಅಗತ್ಯವಿಲ್ಲ.

ಅದನ್ನು ಕೊಳ್ಳಲು ತಮ್ಮ ಹುಮನಾಬಾದಿಗೆ ಬಂದ. ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದ. ಅಂಗಡಿಯ ಮೇಲ್ಭಾಗದ ತುಂಬ ಪಟ್ಟಿಗಳು, ಎಲ್ಲ ದೀಪಗಳೂ ಒಮ್ಮೆಗೇ ಉರಿಯುತ್ತಿದ್ದವು. ಅಷ್ಟು ಬೆಳಕಿನಲ್ಲಿ ಯಾವುದು ಚೆನ್ನ ಎಂದು ಹೇಳುವುದು ಸಾಧ್ಯವಿರಲಿಲ್ಲ. ಅಂಗಡಿಯವನಿಗೆ ಅದು ಗೊತ್ತಿತ್ತು. ಎಲ್ಲವನ್ನೂ ಆರಿಸಿ ಒಂದೊಂದನ್ನೇ ಹಾಕಿ ತೋರಿಸಿದ.

"ದೀಪ ನೋಡಬ್ಯಾಡ್ರಿ, ನಿಮ್ಮ ಕೈ ನೋಡ್ರಿ," ಎಂದ. ಬಿಳಿಯ ದೀಪದ ಕೆಳಗೆ ನನ್ನ ಅಂಗೈ ಔಷಧಿ ಅಂಗಡಿಯಲ್ಲಿ ಕಾಣುವಂತೆ ಕಂಡಿತು. ಪೂರ್ತಿ ಹಳದಿಯ ದೀಪದಲ್ಲಿ ಅರಿಸಿನ ಹಚ್ಚಿದಂತಿತ್ತು. ಅವೆರಡರ ನಡುವೆ ಇನ್ನೊಂದು ಬಗೆ ಇತ್ತು, ಹಳದಿಯ ಕಡೆಗೆ ಸ್ವಲ್ಪ ವಾಲಿದ್ದು. ಅದರಲ್ಲಿ ಕೈ ಕೈಯಂತೆಯೇ ಕಂಡಿತು. ಗೆರೆಗಳೂ ಕಂಡವು.

ತಮ್ಮ ಹೆಂಡತಿಗೆ ವಿಡಿಯೊ ಕರೆ ಮಾಡಿ ಮೊಬೈಲನ್ನು ಮೇಲಕ್ಕೆ ಹಿಡಿದ. ಅವಳು ಯಾವ ವಿಷಯವನ್ನೂ ಎರಡು ಸಲ ಕೇಳದೆ ಬಿಡುವವಳಲ್ಲ. ಸ್ವಲ್ಪ ಹೊತ್ತು ನೋಡಿ ಹೇಳಿದಳು: "ನೀವು ನಿಂತ್ಕೊಂಡು ನೋಡಾಕತ್ತೀರಿ. ನನ್ನ ಮಗಳು ಮಲಗಿ ನೋಡ್ತಾಳ. ಆಕಿ ಕಣ್ಣ ಛತ್ತಿನ ಕಡೆಗೇ ಇರ್ತಾವ. ನೀವೂ ಮಲಗಿ ನೋಡ್ರಿ."

"ಅಂಗಡ್ಯಾಗೇನ?"

"ಮತ್ತ ರೋಡಿನ್ಯಾಗೇನ್ರಿ?"

ಅಂಗಡಿಯವನೇ ಎರಡು ಖಾಲಿ ರಟ್ಟಿನ ಪೆಟ್ಟಿಗೆ ಬಿಚ್ಚಿ ನೆಲಕ್ಕೆ ಹಾಸಿದ. ತಮ್ಮ ಚಪ್ಪಲಿ ಕಳಚಿ ಅದರ ಮೇಲೆ ಅಂಗಾತ ಮಲಗಿದ. "ಅಣ್ಣಾ, ಗಿರಾಕಿ ಕೂತು ಚೌಕಾಶಿ ಮಾಡೂದು ನೋಡೀನಿ, ನಿಂತು ಮಾಡೂದು ನೋಡೀನಿ," ಎಂದ ಅಂಗಡಿಯವನು. "ಮಲಗಿ ಮಾಡೂದು ಇವತ್ತೇ ನೋಡಾಕತ್ತೀನಿ."

"ಒಂದು ದಿಂಬ ಕೊಡ್ರಿ, ರೇಟ್ ಇನ್ನಾ ಇಳಸ್ತೀನಿ."

ಮೊಬೈಲಿನಿಂದ ದನಿ ಬಂತು: "ಅಕ್ಕಾರ, ನಿದ್ದಿ ಮಾಡಿಬಿಟ್ಟಾರು, ಜರಾ ಅಲುಗಸ್ರಿ."

ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ತಮ್ಮ ಎದ್ದ ಮೇಲೆ ನಾನೂ ಸೆರಗು ಸಾವರಿಸಿಕೊಂಡು ಮಲಗಿ ನೋಡಿದೆ. ನಿಂತಾಗ ಏನೂ ಅನಿಸದಿದ್ದ ದೀಪ ಮಲಗಿದಾಗ ಕಣ್ಣಿಗೆ ಚುಚ್ಚುತ್ತಿತ್ತು. ಕಣ್ಣು ಮುಚ್ಚಿದರೂ ಒಂದು ಹಸಿರು ಚುಕ್ಕೆ ಉಳಿಯುತ್ತಿತ್ತು. ಕೊನೆಗೆ ಕಪ್ಪು ಕೊಳವೆಯೊಳಗೆ ಆಳದಲ್ಲಿ ಬಲ್ಬು ಕೂತಿರುವ ಬಗೆಯನ್ನು ಆರಿಸಿದೆವು. ಅದರ ನೇರ ಕೆಳಗೆ ಮಲಗದಿದ್ದರೆ ಕಾಣುವುದು ಕಪ್ಪು ಬಾಯಿ ಮಾತ್ರ. ಬೆಳಕು ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುವುದಿಲ್ಲ. ಒಂದನ್ನು ತೊಟ್ಟಿಲ ಕಾಲಿನ ಕಡೆಯಿಂದ ಓರೆಯಾಗಿ, ಉಳಿದವನ್ನು ಗೋಡೆಗೆ ತಿರುಗಿಸುವುದೆಂದು ಮಾತಾಯಿತು.

ಕಟ್ಟಿಕೊಡುವಾಗ ಅಂಗಡಿಯವನು ಕೇಳಿದ: "ಪಟ್ಟಿ ಲೋಹದ್ದು ಅದ. ಮನ್ಯಾಗ ಅರ್ಥಿಂಗ್ ಅದ ಏನ್ರಿ?"

"ಅದ್ರಿ," ಎಂದ ತಮ್ಮ. ಇದೆ ಎಂದೇ ಅವನು ತಿಳಿದಿದ್ದ.

ಕೂಡಿಸಲು ಬಂದವನು ನಮ್ಮ ಓಣಿಯ ವೈರಿಂಗ್ ಕೆಲಸದ ಕಾಕಾ. ತೀರಿಹೋದ ನಮ್ಮಪ್ಪನ ಸ್ನೇಹಿತ, ಅವ್ವನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾನೆ. ಓಣಿಯ ಹೆಚ್ಚಿನ ಮನೆಗಳಿಗೆ ಮೊದಲ ಬಲ್ಬು ಹಾಕಿದವನು ಅವನೇ. ನಾನು ಅವತ್ತು ಬಸವಕಲ್ಯಾಣಕ್ಕೆ ಹೋಗಿದ್ದೆ. ಮುಂದಿನ ವಾರ ಕೂಸು ಬರುವುದಿತ್ತು, ಅಲ್ಲಿಯವರೆಗೆ ಇದ್ದು ಕೆಲಸಕ್ಕೆ ಕೈಜೋಡಿಸುವುದೆಂದು ಬಟ್ಟೆ ತೆಗೆದುಕೊಂಡೇ ಹೋಗಿದ್ದೆ.

ಕಾಕಾನ ಕೆಲಸ ಅಚ್ಚುಕಟ್ಟಾಗಿತ್ತು. ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ನಡುವಿನ ಗಾಡರಿಗೆ ಉದ್ದನೆಯ ಕಟ್ಟಿಗೆಯ ರೀಪನ್ನು ಕ್ಲಾಂಪಿನಿಂದ ಬಿಗಿದು, ಆ ಕಟ್ಟಿಗೆಗೆ ದೀಪದ ಪಟ್ಟಿಯನ್ನು ಸ್ಕ್ರೂ ಹಾಕಿ ಕೂಡಿಸಿದ. ಅವನ ಹತ್ತಿರ ಮೂರು ವೈರು ಇದ್ದವು. ಕೆಂಪು, ಕಪ್ಪು, ಹಸಿರು. ಕೆಂಪು ಮತ್ತು ಕಪ್ಪು ಗೋಡೆಯ ಬೋರ್ಡಿನಿಂದ ಪಟ್ಟಿಯ ತುದಿಯೊಳಗೆ ಹೋದವು. ಹಸಿರಿನ ಒಂದು ತುದಿಯನ್ನು ಪಟ್ಟಿಯ ಮೈಗೆ ಕಟ್ಟಿದ. ಇನ್ನೊಂದು ತುದಿಯನ್ನು ಬೋರ್ಡಿಗೆ ಒಯ್ಯಲಿಲ್ಲ. ಗಾಡರಿನ ಬಣ್ಣವನ್ನು ಒಂದಷ್ಟು ಕೆರೆದು, ಅಲ್ಲಿ ವೈರು ಸುತ್ತಿ, ಬೋಲ್ಟು ಬಿಗಿದ.

"ಕಾಕಾ, ಅದು ಅಲ್ಲಿಗೇ ಮುಗೀತೇನ?" ಎಂದು ಕೇಳಿದೆ.

"ಅದೇ ಅರ್ಥಿಂಗವ್ವ. ಹಸರ ವೈರ ಭೂಮಿಗಿ ಹೋಗಬೇಕು. ಗಾಡರ ಗ್ವಾಡ್ಯಾಗ ಹೊಕ್ಕದ, ಗ್ವಾಡಿ ಭೂಮ್ಯಾಗ ಹೊಕ್ಕದ. ಇದಕ್ಕಿಂತ ದೊಡ್ಡ ಅರ್ಥಿಂಗ್ ಎಲ್ಲಿಂದ ತರ್ಲಿ? ಈ ಓಣ್ಯಾಗ ಯಾರ ಮನ್ಯಾಗ ಬೇಕಾದ್ರ ನೋಡು, ಫ್ರಿಜ್ ಇರ್ಲಿ, ಗೀಜರ ಇರ್ಲಿ, ಎಲ್ಲಾ ಗಾಡರಿಗೇ."

ಅಷ್ಟು ದಪ್ಪ ಕಬ್ಬಿಣ, ಅಷ್ಟು ದಪ್ಪ ಗೋಡೆ. ಕೇಳಿದವರಿಗೆ ಒಪ್ಪುವ ಮಾತು. ಓಣಿಯವರೆಲ್ಲರೂ ಒಪ್ಪಿದ್ದರು.

ಅವತ್ತು ಸಂಜೆ ದೀಪ ಹಾಕಿದೆವು. ಅವ್ವ ಗೋಡೆಗೆ ಒರಗಿ ಕೂತು ಮೊದಲು ತಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು. "ನಿನಗ ಇಷ್ಟು ಬಿಳಿ ಕೂದಲ ಯಾವಾಗ ಬಂದುವು?" ಎಂದಳು.

"ದೀಪದ ಬಣ್ಣ ಅವ್ವ ಅದು."

"ದೀಪ ಹಳದಿ ಅದ. ಕೂದಲ ಬಿಳಿ ಅದ."

ತಮ್ಮ ನಕ್ಕ. ಅವ್ವ ಎದ್ದು ಕೊಂಡಿಯ ಕೆಳಗೆ, ತೊಟ್ಟಿಲು ಬರುವ ಜಾಗದಲ್ಲಿ ಕೂತು ತನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಲ್ಲಿಂದ ಮುಂದೆ ದಿನಾ ಸಂಜೆ ಆ ದೀಪ ಉರಿಯಿತು. ಯಾರಿಗೂ ಏನೂ ಆಗಲಿಲ್ಲ. ಕೊಂಡಿಯಾಗಲಿ ಗಾಡರಾಗಲಿ ಯಾರ ಕೈಗೂ ಎಟುಕುವ ಎತ್ತರದಲ್ಲಿ ಇರಲಿಲ್ಲ.

ಕೂಸು ಬರುವುದರ ಹಿಂದಿನ ದಿನ ಮಧ್ಯಾಹ್ನ ಏನಾಯಿತು ಎಂಬುದನ್ನು ನಾನು ಕಂಡಂತೆಯೇ ಬರೆಯುತ್ತೇನೆ. ಅದನ್ನು ಬೇರೆಯವರಿಗೆ ಹೇಳುವುದು ನನಗೆ ಈಗಲೂ ಆಗುವುದಿಲ್ಲ. ಬರೆಯುವುದು ಅದಕ್ಕಿಂತ ಸುಲಭ.

ಅವ್ವ ಬೆಳಿಗ್ಗೆಯಿಂದ ಸರಪಳಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಿದ್ದಳು. ಪಡಸಾಲೆಯ ಫರ್ಸಿ ನೆಲವನ್ನೂ ತೊಳೆದಾಗಿತ್ತು. ನೀರು ಬಳಿದಿದ್ದೆವು, ಆದರೆ ನೆಲ ಇನ್ನೂ ಆರಿರಲಿಲ್ಲ. ತಮ್ಮ ಕಟ್ಟಿಗೆಯ ಸ್ಟೂಲಿನ ಮೇಲೆ ಹತ್ತಿ ಸರಪಳಿಯನ್ನು ಕೊಂಡಿಗೆ ಹಾಕಿದ. ತೊಟ್ಟಿಲನ್ನು ಇನ್ನೂ ಕಟ್ಟಿರಲಿಲ್ಲ. ಸರಪಳಿ ತೂಗಾಡುತ್ತಿತ್ತು. ಅದು ನಿಲ್ಲಲಿ ಎಂದು ಅವ್ವ ಕೆಳತುದಿಯನ್ನು ಬಲಗೈಯಲ್ಲಿ ಹಿಡಿದುಕೊಂಡಳು. ಬರಿಗಾಲಲ್ಲಿದ್ದಳು. ದೀಪ ಆರಿತ್ತು. ತಮ್ಮ ಸ್ಟೂಲಿನ ಮೇಲೆಯೇ ನಿಂತು ಕಾಲಿನ ಕಡೆಯ ದೀಪದ ಕತ್ತನ್ನು ಗೋಡೆಯ ಕಡೆಗೆ ತುಸು ತಿರುಗಿಸಿದ. ನಾನು ಬಾಗಿಲ ಪಕ್ಕದ ಸ್ವಿಚ್ಚಿನ ಹತ್ತಿರ ನಿಂತಿದ್ದೆ.

"ಹಾಕು ಅಕ್ಕಾ, ನೋಡಮು," ಎಂದ.

ನಾನು ಹಾಕಿದೆ.

ನಾವಿಬ್ಬರೂ ಗೋಡೆಯನ್ನು ನೋಡಿದೆವು. ಬೆಳಕು ಗೋಡೆಯ ಮೇಲೆ ದುಂಡಗೆ ಬಿತ್ತು. ಅದರ ನಡುವೆ ಸರಪಳಿಯ ನೆರಳು. ಆ ನೆರಳು ನಡುಗುತ್ತಿತ್ತು. ತೂಗುವ ಸರಪಳಿಯ ನೆರಳು ಅತ್ತ ಹೋಗಿ ಇತ್ತ ಬರುತ್ತದೆ. ಇದು ಹೋಗಲೂ ಇಲ್ಲ, ಬರಲೂ ಇಲ್ಲ. ಇದ್ದಲ್ಲಿಯೇ, ಬಿಗಿಯಾಗಿ ಎಳೆದ ದಾರವನ್ನು ಮೀಟಿದಂತೆ ನಡುಗುತ್ತಿತ್ತು.

"ಅವ್ವಾ, ಸರಪಳಿ ಅಲುಗಿಸಬ್ಯಾಡ," ಎಂದ ತಮ್ಮ, ಗೋಡೆಯನ್ನು ನೋಡುತ್ತಲೇ.

ನಾನು ಅವ್ವನ ಕಡೆ ತಿರುಗಿದೆ. ಅವಳ ಬಾಯಿ ಮುಚ್ಚಿತ್ತು. ಬಲಗೈ ಮಡಚಿಕೊಂಡು ಎದೆಗೆ ಹತ್ತಿತ್ತು, ಮುಷ್ಟಿಯೊಳಗೆ ಸರಪಳಿ. ಕಣ್ಣು ನನ್ನ ಕಡೆಗೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ದನಿ ಇರಲಿಲ್ಲ. ನನ್ನ ಬೆರಳು ಇನ್ನೂ ಸ್ವಿಚ್ಚಿನ ಮೇಲಿತ್ತು. ಒತ್ತಿದೆ.

ಕೈ ಬಿಟ್ಟಿತು. ಅವಳು ಒಮ್ಮೆಗೇ ಬೀಳಲಿಲ್ಲ. ಮೊದಲು ಮೊಣಕಾಲು ಮಡಚಿಕೊಂಡವು, ಆಮೇಲೆ ಕೂತಳು, ಆಮೇಲೆ ಪಕ್ಕಕ್ಕೆ ಒರಗಿದಳು. ಸರಪಳಿ ಅವಳ ತಲೆಯ ಮೇಲೆ ಹೋಗಿ ಬರತೊಡಗಿತು.

ದವಾಖಾನೆಯಲ್ಲಿ ಇಸಿಜಿ ತೆಗೆದರು. ಗುಂಡಿಗೆ ಸರಿಯಾಗಿ ನಡೆಯುತ್ತಿದೆ, ಆದರೂ ಬೆಳಗಿನವರೆಗೆ ಇಲ್ಲಿಯೇ ಇರಲಿ ಎಂದರು ಡಾಕ್ಟರು. ಅವ್ವನ ಅಂಗೈಯಲ್ಲಿ ಸರಪಳಿಯ ಕೊಂಡಿಗಳ ಗುರುತು ಬೆಳ್ಳಗೆ ಕೂತಿತ್ತು. ಅದರ ಸುತ್ತ ಚರ್ಮ ಸುಟ್ಟಿತ್ತು. ನರ್ಸು ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಅವ್ವ ಮೊದಲು ಆಡಿದ ಮಾತು, "ತೊಟ್ಟಲ ಕಟ್ಟಿರಲಿಲ್ಲ ಹೌದಲ್ಲ?" ಎಂಬುದು.

"ಕಟ್ಟಿರಲಿಲ್ಲ ಅವ್ವ," ಎಂದೆ.

ಅವಳು ಎರಡನೆಯ ಸಲವೂ ಕೇಳಿದಳು. ಎರಡನೆಯ ಸಲವೂ ಹೇಳಿದೆ.

ತಮ್ಮ ನನ್ನನ್ನು ವಾರ್ಡಿನ ಹೊರಗೆ ಕರೆದ. "ಆಕಿಗಿ ಈಗ ಹೇಳೂದು ಬ್ಯಾಡಕ್ಕಾ," ಎಂದ. ಆಕಿ ಎಂದದ್ದು ಹೆಂಡತಿಯನ್ನು ಕುರಿತು. "ಅವ್ವಗ ಆರಾಮಿಲ್ಲ, ನಾಲ್ಕು ದಿನ ಬಿಟ್ಟು ಬರ್ರಿ ಅಂತೀನಿ. ಖರೆ ಹೇಳಿದ್ರ ಆಕಿ ಈ ಮನಿಗಿ ಕೂಸಿನ್ನ ತರೂದಿಲ್ಲ."

ನಾನು ಉತ್ತರ ಕೊಡುವುದಕ್ಕೆ ಮುಂಚೆ ಒಳಗಿನಿಂದ ಅವ್ವನ ದನಿ ಕೇಳಿಸಿತು. ಪಕ್ಕದ ಮಂಚದ ಹೆಂಗಸಿನ ಕೈಯಿಂದ ಮೊಬೈಲು ಒತ್ತಿಸಿಕೊಂಡು ಸೊಸೆಯ ಜೊತೆ ಮಾತಾಡುತ್ತಿದ್ದಳು. ಒಳಗೆ ಹೋದೆವು. ಸ್ಪೀಕರ್ ಹಾಕಿತ್ತು, ಅವ್ವನಿಗೆ ಮೊಬೈಲನ್ನು ಕಿವಿಗೆ ಹಿಡಿಯಲು ಬಾರದು.

"ತೊಟ್ಟಲ ಸರಪಳಿಗಿ ಕರೆಂಟ್ ಬಂದಿತ್ತವ್ವ. ನನ್ನ ಹಿಡೀತು. ಅಕ್ಕ ಸ್ವಿಚ್ ಆರಿಸಿದಳು."

ಸೊಸೆ ಕೇಳಿದಳು: "ಕೈ ಎಷ್ಟು ಸುಟ್ಟದ ಅತ್ತಿ?"

"ಹಿಡಿದಷ್ಟು."

"ಎದಿ ನೋಡ್ಯಾರೇನ?"

"ನೋಡ್ಯಾರ. ಛಲೋ ಅದ ಅಂದಾರ."

ಅವಳ ತಾಯಿಯ ದನಿ ದೂರದಿಂದ, ಏನಾಯಿತೇ ಎಂದು ಕೇಳುವುದು ಕೇಳಿಸಿತು. ಕೂಸು ಅಳುವುದೂ ಕೇಳಿಸಿತು.

"ಅತ್ತಿ, ನಾಳಿಗಿ ನಾ ಬರೂದಿಲ್ಲ."

"ಬರಬ್ಯಾಡ," ಎಂದಳು ಅವ್ವ. "ನಾ ಕರದಾಗೂ ಬರಬ್ಯಾಡ. ನಿನಗ ಖಾತ್ರಿ ಆದಾಗ ಬಾ."

ತಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತಿದ್ದ. ಅವನು ಸಿಟ್ಟಾಗಿದ್ದನೋ ಅಳುತ್ತಿದ್ದನೋ ನನಗೆ ಕಾಣಲಿಲ್ಲ.

ಅದೇ ಸಂಜೆ ಕಾಕಾ ಬಂದ. ಮೊದಲು ದವಾಖಾನೆಗೆ ಹೋಗಿ ಅವ್ವನನ್ನು ನೋಡಿ, ಅಲ್ಲಿಂದ ನೇರ ಮನೆಗೆ. ಅವ್ವನ ಹತ್ತಿರ ತಮ್ಮನಿದ್ದ, ಮನೆಯಲ್ಲಿ ನಾನಿದ್ದೆ. ಕಾಕಾ ಸ್ಟೂಲಿನ ಮೇಲೆ ರಬ್ಬರಿನ ಚಪ್ಪಲಿ ಹಾಕಿಕೊಂಡು ನಿಂತು, ಸ್ವಿಚ್ಚು ಹಾಕು ಎಂದ. ನನಗೆ ಆಗಲಿಲ್ಲ. ಅವನು ಇಳಿದು ಬಂದು ತಾನೇ ಹಾಕಿ, ಮತ್ತೆ ಹತ್ತಿದ. ಟೆಸ್ಟರನ್ನು ಪಟ್ಟಿಯ ಮೈಗೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ಹೊತ್ತಿತು. ಹಸಿರು ವೈರಿಗೆ ಮುಟ್ಟಿಸಿದ, ಹೊತ್ತಿತು. ಗಾಡರಿಗೆ, ಕೊಂಡಿಗೆ, ಸರಪಳಿಯ ಮೇಲ್ತುದಿಗೆ. ಎಲ್ಲ ಕಡೆಯೂ ಹೊತ್ತಿತು. ಇಳಿದು, ಮೇನ್ ಆರಿಸಿ, ಪಟ್ಟಿಯ ತುದಿಯನ್ನು ಬಿಚ್ಚಿದ. ಮುಚ್ಚಳದ ಸ್ಕ್ರೂ ಕೆಂಪು ವೈರಿನ ಸಿಪ್ಪೆಯನ್ನು ಕಚ್ಚಿ ಒಳಗಿನ ತಾಮ್ರಕ್ಕೆ ಮುಟ್ಟಿತ್ತು.

ಅವನು ನೆಲದ ಮೇಲೆ ಕೂತ. ನಾನು ಕೊಟ್ಟ ನೀರನ್ನು ಪಕ್ಕದಲ್ಲಿಟ್ಟುಕೊಂಡ.

"ಇಷ್ಟೇ ಆಗಿದ್ರ ಕರೆಂಟ್ ಪಟ್ಟ್ಯಾಗೇ ಇರ್ತಿತ್ತು," ಎಂದ. "ಪಟ್ಟಿ ಕಟಗಿ ಮ್ಯಾಲ ಅದ. ಅಷ್ಟು ಮ್ಯಾಲ ಯಾರ ಕೈ ಹೋಗ್ತದ? ನಾ ಸುತ್ತಿದ ಹಸರ ವೈರೇ ಅದನ್ನ ಗಾಡರಿಗಿ ಒಯ್ದದ. ಗಾಡರಿನಿಂದ ಭೂಮಿಗಿ ಹೋಗಿದ್ರ ಫ್ಯೂಜ್ ಹಾರಬೇಕಾಗಿತ್ತು. ಹಾರಿಲ್ಲ. ಭೂಮಿಗಿ ಹೋಗೇ ಇಲ್ಲ." ಎದ್ದು ಹೋಗಿ ಗಾಡರು ಗೋಡೆ ಸೇರುವ ಜಾಗದ ಕೆಳಗೆ ಅಂಗೈ ಇಟ್ಟ. "ಕಲ್ಲ, ಸುಣ್ಣ. ಎಷ್ಟ ವರ್ಷದಿಂದ ಒಣಗಿ ಕೂತದ ನೋಡು. ಇದರಾಗಿಂದ ಕರೆಂಟ್ ಎಲ್ಲಿ ಇಳೀತದ? ವೈನಿ ಕೈಯಾಗಿಂದ ಇಳೀತು."

ಹಸಿರು ವೈರಿನ ಬೋಲ್ಟು ಸಡಿಲಿಸಿ, ಬಿಚ್ಚಿ, ಸುರುಳಿ ಮಾಡಿ ಕಿಸೆಗೆ ಹಾಕಿಕೊಂಡ. ನೀರು ಕುಡಿಯಲಿಲ್ಲ. ಅವನು ಬಾಗಿಲು ದಾಟಿದ ಮೇಲೆ, ನಮ್ಮ ಪಕ್ಕದ ಮನೆಯ ಕದ ತಟ್ಟುವುದು ಕೇಳಿಸಿತು. "ಮೇನ್ ಆರಿಸ್ರಿ, ನಿಮ್ಮ ಗಾಡರ ನೋಡಬೇಕು," ಎನ್ನುತ್ತಿದ್ದ. ಒಳಗಿನವರು, ಈ ಹೊತ್ತಿನಲ್ಲಿ ಯಾಕೆ ಎಂದು ಕೇಳಿರಬೇಕು. "ಯಾಕಂದ್ರ ಕಟ್ಟಿದಾಂವ ನಾನೇ ಅದೀನಿ," ಎಂದ. ಅದಾದ ಮೇಲೆ ಎದುರು ಮನೆ, ಆಮೇಲೆ ಮೂಲೆಯ ಮನೆ. ಕೆಲವರು ಬೈದರಂತೆ. ಒಬ್ಬ ಮುದುಕಿ, ಇಷ್ಟು ದಿನ ಫ್ರಿಜ್ಜು ಮುಟ್ಟಿದಾಗ ಇರುವೆ ಹರಿದಂತೆ ಆಗುತ್ತಿದ್ದದ್ದು ಇದೇ ಏನಪ್ಪಾ ಎಂದು ಕೇಳಿದಳಂತೆ.

ಅವ್ವ ಮನೆಗೆ ಬಂದ ಮೇಲೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಗುಂಡಿ ತೋಡಿದರು. ಸದಾ ಹಸಿ ಇರುವ ಜಾಗ ಎಂದು ಕಾಕಾನೇ ಅದನ್ನು ಆರಿಸಿದ. ಕೆಮ್ಮಣ್ಣು ಮುಗಿದು ಜಲ್ಲಿಯಂಥ ಮೊರಮು ಬಂತು, ಮೊರಮಿನ ಕೆಳಗೆ ತಂಪು ಮಣ್ಣು ಸಿಗುವವರೆಗೆ ತೋಡಿದರು. ಪಕ್ಕದ ಊರು ಮೋರಖಂಡಿಯಿಂದ ತಮ್ಮ ಇದ್ದಿಲು ತಂದ. ತಾಮ್ರದ ಹಾಳೆ ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ತುಂಬಿ, ನೀರು ಸುರಿಯಲು ಒಂದು ಕೊಳವೆ ಬಿಟ್ಟು ಮುಚ್ಚಿದರು. ಅವ್ವ ಅಂಗಳದ ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಉಪ್ಪಿನ ಹರಳು ಮುಟ್ಟಿ, "ಉಪ್ಪಿನಕಾಯಿ ಹಾಕಿದಂಗ ಹಾಕಾಕತ್ತೀರಲ್ಲೋ," ಎಂದಳು. ಕಾಕಾ ಆ ಘಟನೆಯಾದ ಮೇಲೆ ಮೊದಲ ಸಲ ನಕ್ಕ.

ತಮ್ಮನ ಹೆಂಡತಿ ಎಲ್ಲವನ್ನೂ ಮಾಣಿಕನಗರದಿಂದ ಕೇಳಿಕೊಳ್ಳುತ್ತಿದ್ದಳು. ಗುಂಡಿ ಮುಗಿದ ದಿನ ವಿಡಿಯೊ ಕರೆಯಲ್ಲಿ, ಅದು ಕೆಲಸ ಮಾಡುವುದನ್ನು ತನಗೆ ತೋರಿಸಿ ಎಂದಳು. ಕಾಕಾ ಹೋಲ್ಡರಿಗೆ ಹಾಕಿದ ಹಳೆಯ ಗಾಜಿನ ಬಲ್ಬು ತಂದ. ಅದರ ಒಂದು ವೈರನ್ನು ಬೋರ್ಡಿನ ಕರೆಂಟಿಗೆ ಕೊಟ್ಟು, ಇನ್ನೊಂದನ್ನು ಮೊದಲು ಗಾಡರಿಗೆ ಮುಟ್ಟಿಸಿದ. ಬಲ್ಬಿನೊಳಗಿನ ಎಳೆ ಕೆಂಪಗೆ ಸಹ ಆಗಲಿಲ್ಲ. ಭೂಮಿಯೊಳಗೆ ಹೊಕ್ಕಿದೆ ಎಂದು ಓಣಿಯೆಲ್ಲ ನಂಬಿದ್ದ ಕಬ್ಬಿಣ ಒಂದು ಬಲ್ಬನ್ನೂ ಉರಿಸಲಿಲ್ಲ. ಆಮೇಲೆ ಅದೇ ವೈರನ್ನು ಗುಂಡಿಯಿಂದ ಬಂದ ತಂತಿಗೆ ಮುಟ್ಟಿಸಿದ. ಬಲ್ಬು ಪೂರ್ತಿ ಹೊತ್ತಿತು. "ಇನ್ನೊಮ್ಮಿ ತೋರಸ್ರಿ ಕಾಕಾ," ಎಂದಳು. ಇನ್ನೊಮ್ಮೆ ತೋರಿಸಿದ.

ಆಮೇಲೆ ಹಸಿರು ವೈರುಗಳೆಲ್ಲ ಗುಂಡಿಗೆ ಹೋದವು. ಗಾಡರಿನಿಂದಲೂ ಒಂದು ತಂತಿ ಗುಂಡಿಗೆ ಹೋಯಿತು. ಬೋರ್ಡಿನಲ್ಲಿ, ಕರೆಂಟು ಸ್ವಲ್ಪ ಸೋರಿದರೂ ಮನೆಯನ್ನೆಲ್ಲ ತಾನೇ ಆರಿಸುವ ಒಂದು ಸ್ವಿಚ್ಚು ಕೂತಿತು.

ತಮ್ಮನ ಹೆಂಡತಿ ಬಂದದ್ದು ಅದಾದ ಮೇಲೆ, ಒಂದು ಸೋಮವಾರ. ಯಾರನ್ನೂ ಕರೆದಿರಲಿಲ್ಲ. ಅವಳ ತಾಯಿ, ನಾನು, ಅವಳು, ಕೂಸು, ಬಾಡಿಗೆ ಕಾರಿನಲ್ಲಿ ಹುಮನಾಬಾದಿನಿಂದ ಬಂದೆವು. ದಾರಿಯಲ್ಲಿ ಅವಳು ಬಹಳ ಮಾತಾಡಲಿಲ್ಲ. ಹೊಸ್ತಿಲಲ್ಲಿ ನಾನು ಕೈ ಚಾಚಿದಾಗ ಕೂಸನ್ನು ಕೊಡಲಿಲ್ಲ. "ಜರಾ ನಿಂದರ್ರಿ ಅಕ್ಕಾರ," ಎಂದು ಕೂಸನ್ನು ತಾಯಿಯ ಕೈಗೆ ಕೊಟ್ಟು ಒಳಗೆ ಹೋದಳು. ಬೋರ್ಡಿನ ಹತ್ತಿರ ಹೋಗಿ ಆ ಹೊಸ ಸ್ವಿಚ್ಚಿನ ಪರೀಕ್ಷೆಯ ಗುಂಡಿ ಒತ್ತಿದಳು. ಫ್ಯಾನು ನಿಂತಿತು. ಸ್ವಿಚ್ಚನ್ನು ಮೇಲೆತ್ತಿ, ಗುಂಡಿಯನ್ನು ಮತ್ತೆ ಒತ್ತಿದಳು. ಮತ್ತೆ ನಿಂತಿತು. ಅವ್ವ, ತಮ್ಮ, ಕಾಕಾ ಸಾಲಾಗಿ ನಿಂತು ನೋಡುತ್ತಿದ್ದರು. ಆಮೇಲೆ ಅವಳು ವಾಪಸು ಬಂದು ಕೂಸನ್ನು ನನಗೆ ಕೊಟ್ಟಳು.

ನಾನು ಕೂಸನ್ನು ಒಳಗೆ ತಂದು ತೊಟ್ಟಿಲಲ್ಲಿ ಮಲಗಿಸಿದೆ. ತೂಗಬೇಕಾದವಳು ನಾನು. ತೊಟ್ಟಿಲ ಕಟ್ಟಿಗೆಯ ಅಂಚು ಹಿಡಿದು ಒಮ್ಮೆ ತೂಗಿದೆ. ಸರಪಳಿಗೆ ಕೈ ಹಚ್ಚಲಿಲ್ಲ. ಯಾರೂ ಹಚ್ಚಲಿಲ್ಲ. ದೀಪ ಹಾಕಿರಲಿಲ್ಲ, ಹಾಕು ಎಂದು ಯಾರೂ ಹೇಳಲೂ ಇಲ್ಲ. ಕಿಟಕಿಯಿಂದ ಬರುವ ಬೆಳಕು ತೊಟ್ಟಿಲ ತನಕ ಬರುತ್ತಿರಲಿಲ್ಲ. ಅವ್ವ ಬಗ್ಗಿ ನೋಡಿದಳು. ತಲೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿಸಿದಳು.

"ಮಾರಿ ಕಾಣವಲ್ದು," ಎಂದಳು.

ಯಾರೂ ಅಲುಗಲಿಲ್ಲ. ತಮ್ಮ ಹೆಂಡತಿಯ ಮುಖ ನೋಡಿದ. ಅವಳು ಸ್ವಿಚ್ಚಿನ ಹತ್ತಿರ ಹೋದಳು, ಬೆರಳಿಟ್ಟಳು, ಒತ್ತಲಿಲ್ಲ. "ಎಲ್ಲಾರೂ ಹಿಂದ ಸರೀರಿ," ಎಂದಳು.

ನಾನು ಸರಿದೆ. ಅವ್ವ ಸರಿಯಲಿಲ್ಲ. ಎಡಗೈ ಎತ್ತಿ, ತೊಟ್ಟಿಲ ಬಳೆಯ ಮೇಲ್ಗಡೆ, ಸರಪಳಿಯನ್ನು ಹಿಡಿದಳು. ಬಲಗೈಗೆ ಇನ್ನೂ ಬಟ್ಟೆ ಇತ್ತು.

"ಅತ್ತಿ!"

"ಈಗ ಹಾಕವ್ವ."

"ಬ್ಯಾಡ ಅತ್ತಿ. ಬಿಡ್ರಿ ಅದನ್ನ."

"ಗುಂಡಿ ನೋಡಿದಿ. ಬಲ್ಬ ನೋಡಿದಿ. ಫ್ಯಾನ ಎರಡ ಸಲ ನಿಂದ್ರಿಸಿದಿ. ಇಷ್ಟ ಆದ ಮ್ಯಾಲೂ ಭರೋಸ ಇಲ್ಲಂದ್ರ ಕೂಸಿನ್ನ ಎತ್ಕೊ," ಎಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಭರೋಸ ಅದ ಅಂದ್ರ ಹಾಕು. ನನಗ ಆಕಿ ಮಾರಿ ನೋಡೂದದ."

ತಮ್ಮನ ಹೆಂಡತಿ ನನ್ನ ಕಡೆ ನೋಡಿದಳು. ಕೂಸು ಕಾಲು ಝಾಡಿಸಿತು, ತೊಟ್ಟಿಲು ಸ್ವಲ್ಪ ಅಲುಗಿತು. ಅವಳು ತನ್ನ ಮಗಳನ್ನು ನೋಡಿದಳು, ಅವ್ವನ ಕೈಯನ್ನು ನೋಡಿದಳು, ಒತ್ತಿದಳು.

ಬೆಳಕು ಕಾಲಿನ ಕಡೆಯಿಂದ ಓರೆಯಾಗಿ ತೊಟ್ಟಿಲಿನೊಳಗೆ ಬಿತ್ತು. ನಾನು ಅವ್ವನ ಬೆರಳುಗಳನ್ನೇ ನೋಡುತ್ತಿದ್ದೆ. ಅವು ಸಡಿಲವಾಗಿದ್ದವು. ಬೇಕೆಂದಾಗ ಬಿಡಬಹುದಾದಷ್ಟು ಸಡಿಲ. ಅವಳು ಸರಪಳಿಯನ್ನು ಹಿಡಿದುಕೊಂಡೇ ಬಗ್ಗಿದಳು. ಯಾರ ಮೂಗು, ಯಾರ ಹಣೆ ಎಂದು ಏನೂ ಹೇಳಲಿಲ್ಲ. ಬಹಳ ಹೊತ್ತು ನೋಡಿದಳು. ಕೂಸು ಕಣ್ಣು ಕಿರಿದು ಮಾಡದೆ ಅವಳನ್ನು ನೋಡಿತು.

"ಹುಬ್ಬ ಬಂದಾವಲ್ಲ," ಎಂದಳು ಅವ್ವ ಕೊನೆಗೆ. "ನನಗ ಯಾರೂ ಹೇಳೇ ಇಲ್ಲ."

ಅವಳು ಸರಪಳಿ ಬಿಟ್ಟು ತೊಟ್ಟಿಲ ಅಂಚಿಗೆ ಕೈ ಹಚ್ಚುವವರೆಗೆ ತಮ್ಮನ ಹೆಂಡತಿ ಸ್ವಿಚ್ಚಿನ ಮೇಲಿನ ಬೆರಳು ತೆಗೆಯಲಿಲ್ಲ.